ಬ್ಲಾಗಿನ ಭಾರ ಇಳಿಸಿ ಮತ್ತೆ ಬರೆಯಲು ಕೂರುವ ಬಗೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಬಾಂಡ್ ಪೇಪರ್ ಮೇಲಿನ ಕರಾರು, ಶಾಲೆ ಮಕ್ಕಳ ಪ್ರಾಜೆಕ್ಟು. ದಿನವಿಡೀ ಬೇರೆಯವರ ಮ್ಯಾಟರ್ ಟೈಪ್ ಮಾಡುತ್ತೇನೆ. ನನ್ನದೇ ಮ್ಯಾಟರ್‌ಗೂ ಒಂದು ಜಾಗ ಇರಲಿ ಅಂತ 2008ರಲ್ಲಿ ಬ್ಲಾಗ್ ಶುರು ಮಾಡಿದೆ. ಆಲಮಟ್ಟಿ ಹಿನ್ನೀರಿಗೆ ಹೋದ ಹಳೇ ಊರಿನ ಓಣಿಗಳು, ಬಾವಿ, ಕಟ್ಟೆ, ಹೋಳಿ ಹುಣ್ಣಿಮೆಯ ಹಲಗಿ ಸದ್ದು, ಇವೇ ಅದರ ವಿಷಯ.

ಶುರುವಿಗೆ ಅದು ಗೂಗಲ್‌ನವರ ಬ್ಲಾಗರ್‌ನಲ್ಲಿತ್ತು. ವಾರಕ್ಕೊಂದು ಬರೆಯುತ್ತಿದ್ದೆ. ಕೆಲವು ವರ್ಷ ಆದ ಮೇಲೆ ಯಾರೋ ಹೇಳಿದರು ಅಂತ ದುಡ್ಡು ಕೊಟ್ಟು ಹೋಸ್ಟಿಂಗ್, ಅಂದರೆ ಬ್ಲಾಗ್ ಇಡುವ ಬಾಡಿಗೆ ಜಾಗ, ತಗೊಂಡೆ, ದೊಡ್ಡದೊಂದು ಸಾಫ್ಟ್‌ವೇರ್ ಹಾಕಿಸಿದೆ. ಥೀಮ್ ಬಂತು. ಪ್ಲಗಿನ್‌ಗಳು ಬಂದವು. ಓದುಗರನ್ನು ಎಣಿಸಲು ಒಂದು, ಸ್ಪ್ಯಾಮ್ ತಡೆಯಲು ಒಂದು, ಫೋಟೊ ಜಾರಿಸಲು ಒಂದು. ಒಂದಿನ ಎಣಿಸಿ ನೋಡಿದರೆ 23 ಪ್ಲಗಿನ್! ರಾತ್ರಿ ಶಟರ್ ಎಳೆಯುವ ಮುಂಚೆ ಸಿಗುವ ಅರ್ಧ ಗಂಟೆಯೆಲ್ಲಾ ಅಪ್‌ಡೇಟ್ ಒತ್ತುವುದರಲ್ಲೇ ಮುಗಿಯುತ್ತಿತ್ತು. 2019ರಿಂದ 2022ರವರೆಗೆ ನಾನು ಬರೆದದ್ದು ನಾಲ್ಕೇ ನಾಲ್ಕು ಬರಹ.

ಆಗಲೇ ನಮ್ಮ ಹಳೇ ಓಣಿಯ ಕಾಕು ಪುಣೆಯಿಂದ ಫೋನ್ ಮಾಡಿದರು. ಈಗ ಅಲ್ಲೇ ಮಗನ ಮನೆಯಲ್ಲಿದ್ದಾರೆ. ಓಣಿಯ ಮೆಟ್ಟಿಲು ಬಾವಿಯ ಬಗ್ಗೆ ನಾನು ಬರೆದದ್ದನ್ನು ಮೊಮ್ಮಗಳಿಗೆ ಓದಿ ಹೇಳಬೇಕು ಅಂತ ಅವರ ಆಸೆ. "ತಮ್ಮಾ, ನೀ ಕಳಿಸಿದ್ದು ಒತ್ತಿದ್ರ ಬರೇ ಬಿಳೇ ಹಾಳಿ ಬರಾಕತ್ತೈತಿ ನೋಡೋ" ಅಂದರು. ಎರಡು ಪ್ಲಗಿನ್‌ಗಳು ಒಂದಕ್ಕೊಂದು ಹೊಂದದೆ ಇಡೀ ಬ್ಲಾಗು ಬಿಳಿ ಹಾಳೆಯಾಗಿತ್ತು. ಸರಿಮಾಡಲು ನಾಲ್ಕು ಸಂಜೆ ಬೇಕಾಯಿತು. ಅದೇ ತಿಂಗಳು ಹೋಸ್ಟಿಂಗ್ ಕಂಪನಿಯಿಂದ ಹೊಸ ಬಿಲ್ಲೂ ಬಂತು, ಮೊದಲ ವರ್ಷದ ಮೂರು ಪಟ್ಟು. ಇನ್ನು ಸಾಕು ಅನ್ನಿಸಿತು.

ಈಗ ನನ್ನ ಬ್ಲಾಗ್ ಅಂದರೆ ಒಂದು ಫೋಲ್ಡರ್. ಅದರೊಳಗೆ ಒಂದು ಬರಹಕ್ಕೆ ಒಂದು ಫೈಲ್. ಅಷ್ಟೇ. ನಿಮ್ಮದೂ ಹೀಗೇ ಭಾರವಾಗಿ, ಬರೆಯುವುದೇ ನಿಂತುಹೋಗಿದ್ದರೆ ನಾನು ಮಾಡಿದ್ದನ್ನು ಮಾಡಿ ನೋಡಿ. ಕಂಪ್ಯೂಟರ್ ವಿದ್ಯೆ ಜಾಸ್ತಿ ಬೇಕಿಲ್ಲ. ನೋಟ್‌ಪ್ಯಾಡ್ ತೆಗೆಯಲು ಬಂದರೆ ಸಾಕು.

ಮೊದಲು ಹಳೇ ಸಾಮಾನು ಹೊರಗೆ

ಹೊಸದನ್ನು ಕಟ್ಟುವ ಮುಂಚೆ ಹಳೆಯದನ್ನು ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ವರ್ಡ್‌ಪ್ರೆಸ್ ಅನ್ನುವ ಬ್ಲಾಗ್ ಸಾಫ್ಟ್‌ವೇರ್ ಆದರೆ ಟೂಲ್ಸ್ ಒಳಗೆ ಎಕ್ಸ್‌ಪೋರ್ಟ್ ಅಂತ ಇದೆ. ಬ್ಲಾಗರ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಮಾಡುವ ಜಾಗ ಇದೆ. ಎರಡರಲ್ಲೂ ಒಂದು ಬ್ಯಾಕಪ್ ಫೈಲ್ ಸಿಗುತ್ತದೆ. ನಿಮ್ಮ ಬರಹವೆಲ್ಲಾ ಅದರಲ್ಲಿ ಇರುತ್ತದೆ.

ಇಲ್ಲಿ ಒಂದು ಎಚ್ಚರ. ವರ್ಡ್‌ಪ್ರೆಸ್‌ನ ಆ ಫೈಲಿನಲ್ಲಿ ಫೋಟೊ ಇರುವುದಿಲ್ಲ, ಫೋಟೊದ ವಿಳಾಸ ಮಾತ್ರ ಇರುತ್ತದೆ. ಹೋಸ್ಟಿಂಗ್ ನಿಂತ ದಿನ ಫೋಟೊನೂ ಹೋಗುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಹಳೇ ಊರಿನ 40 ಫೋಟೊ ಹೀಗೆ ಕಳಕೊಂಡೆ. ಆ ಮನೆಗಳೇ ಈಗ ಇಲ್ಲ, ಮತ್ತೆ ಹೋಗಿ ತೆಗೆಯೋಣ ಅಂದರೆ ಎಲ್ಲಿ ತೆಗೆಯುವುದು? ಅದಕ್ಕೇ ಹೇಳುತ್ತೇನೆ, ಅಪ್‌ಲೋಡ್ಸ್ ಅನ್ನುವ ಫೋಲ್ಡರನ್ನು ಬೇರೆಯಾಗಿ ಇಳಿಸಿಕೊಳ್ಳಿ. ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿ ಇಡಿ.

ಬ್ಲಾಗು ಆಗಲೇ ಮುಚ್ಚಿಹೋಗಿದ್ದರೆ ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮಷೀನ್‌ನಲ್ಲಿ ನಿಮ್ಮ ಹಳೇ ವಿಳಾಸ ಹಾಕಿ ಹುಡುಕಿ. ಅವರು 1996ರಿಂದ ವೆಬ್ ಪುಟಗಳ ಪ್ರತಿ ಎತ್ತಿಡುತ್ತಾ ಬಂದಿದ್ದಾರೆ. ನಾನು ಯಾವಾಗಲೋ ಅಳಿಸಿಬಿಟ್ಟಿದ್ದ 11 ಬರಹ ಅಲ್ಲಿ ಸಿಕ್ಕವು.

ಎಲ್ಲವನ್ನೂ ಹೊಸ ಕಡೆಗೆ ಹೊರಲೇಬೇಕು ಅಂತಿಲ್ಲ. ಮುಳುಗಡೆಯ ಹೊತ್ತಿನಲ್ಲಿ ನಮ್ಮ ಅಪ್ಪ ಹಳೇ ಮನೆಯ ತಲಬಾಗಿಲನ್ನು ಚೌಕಟ್ಟಿನ ಸಮೇತ ಬಿಚ್ಚಿಕೊಂಡು ನವನಗರಕ್ಕೆ ತಂದರು, ಗೋಡೆ ಅಲ್ಲೇ ಬಿಟ್ಟರು. ನಾನು 260ರಲ್ಲಿ 90 ಬರಹ ಮಾತ್ರ ತಂದೆ. "ಎಲ್ಲರಿಗೂ ಹಬ್ಬದ ಶುಭಾಶಯ" ಅನ್ನುವಂಥವು ಪೆನ್‌ಡ್ರೈವ್‌ನಲ್ಲೇ ಇವೆ.

ಹಳೇ ಕನ್ನಡ ಮ್ಯಾಟರ್ ಇದ್ದರೆ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕನ್ನಡದಲ್ಲಿ ಬರೆಯುವವರ ಹಳೇ ಬರಹ ಹಾಳಾಗುವುದು ಜಾಸ್ತಿ ಇಲ್ಲೇ.

'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಅವುಗಳ ಮೇಲೆ ಫಾಂಟ್ ಕನ್ನಡದ ತುಂಡುಗಳನ್ನು ಕೂರಿಸಿ ತೋರಿಸುತ್ತದೆ. ಆ ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಎಲ್ಲಾ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಹಾಗಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಅದರದ್ದೇ ಜಾಗ ಇದೆ.

ನಿಮ್ಮ ಹಳೇ ಫೈಲ್ ತೆರೆದಾಗ ಕನ್ನಡದ ಬದಲು ಏನೇನೋ ಕಂಡರೆ ಗಾಬರಿ ಆಗಬೇಡಿ. ಹತ್ತಿರದಿಂದ ನೋಡಿ. ತಲೆ ಮೇಲೆ ಸಣ್ಣ ಗೀಟಿರುವ ದೊಡ್ಡ ಎ ಮತ್ತೆ ಮತ್ತೆ ಬಂದು, ನಡುನಡುವೆ ಪೌಂಡ್ ಹಣದ ಚಿಹ್ನೆ ಇದ್ದರೆ ಅದು ನುಡಿಯ ಮ್ಯಾಟರ್. ಅದನ್ನು ಆಸ್ಕಿಯಿಂದ (ಇಂಥ ಹಳೇ ಫಾಂಟ್ ಮ್ಯಾಟರ್‌ಗೆ ಹೇಳುವ ಹೆಸರು) ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಹಾಕಬೇಕು. ಗೀಟಿರುವ ಸಣ್ಣ ಎ ಬಂದು, ಅದರ ಪಕ್ಕ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3 ಇದ್ದರೆ ಕತೆ ಬೇರೆ. ನಿಮ್ಮ ಬರಹ ಯುನಿಕೋಡ್‌ನಲ್ಲೇ ಕ್ಷೇಮವಾಗಿದೆ. ಬ್ರೌಸರ್‌ಗೆ ಅದು ಯುಟಿಎಫ್-8 (ಯುನಿಕೋಡನ್ನು ಫೈಲಿನಲ್ಲಿ ಇಡುವ ಒಂದು ಬಗೆ) ಅಂತ ಯಾರೂ ಹೇಳಿಲ್ಲ, ಅಷ್ಟೇ. ಇದಕ್ಕೆ ಕನ್ವರ್ಟರ್ ಹಚ್ಚಿದರೆ ಸರಿ ಇದ್ದದ್ದೂ ಕೆಡುತ್ತದೆ.

ಕನ್ವರ್ಟ್ ಆದ ಮೇಲೆ ಪ್ರೂಫ್ ನೋಡದೆ ಬಿಡಬೇಡಿ. ಮೊದಲು ಅರ್ಕಾವತ್ತು ಇರುವ ಪದ ನೋಡಿ: ವರ್ಷ, ಧರ್ಮ, ಕಾರ್ಯಕ್ರಮ. ಹಳೇ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ರಕಾರ ಮುಂಚೆ ಬರಬೇಕು. ಈ ಹಿಂದುಮುಂದು ಮಾಡುವಾಗ ಕೆಲವು ಕನ್ವರ್ಟರ್ ಎಡವುತ್ತವೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಚೂರುಪಾರು ಆಗಿರುತ್ತದೆ. ನಾನು ಒಂದೊಂದು ಬರಹವನ್ನೂ ಹಾಳೆಯ ಮೇಲೆ ಪ್ರಿಂಟ್ ಹಾಕಿ, ಲಗ್ನಪತ್ರಿಕೆ ತಿದ್ದಿದ ಹಾಗೆ ಕೆಂಪು ಪೆನ್ನಿನಲ್ಲಿ ತಿದ್ದಿದೆ. ಮೂರು ತಿಂಗಳು ಹಿಡಿಯಿತು. ಹಿಡಿಯಲಿ, ನಮ್ಮ ಬರಹಕ್ಕೆ ನಾವೇ ಪ್ರೂಫ್ ನೋಡದಿದ್ದರೆ ಇನ್ಯಾರು ನೋಡಬೇಕು?

ಪುಟ ಮಾಡುವುದು

ಯಾವುದಾದರೂ ಸರಳವಾದ ವೆಬ್ ಪುಟ ತೆರೆದು ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿ. ಅದರ ಒಳಗಿನ ಎಚ್‌ಟಿಎಂಎಲ್ ಕಾಣುತ್ತದೆ, ಅಂದರೆ ಯಾವುದು ತಲೆಬರಹ, ಯಾವುದು ಪ್ಯಾರಾ ಅಂತ ಬ್ರೌಸರ್‌ಗೆ ಹೇಳುವ ಟ್ಯಾಗ್ ಅನ್ನುವ ಗುರುತುಗಳು. ಟಿಮ್ ಬರ್ನರ್ಸ್-ಲೀ 1991ರಲ್ಲಿ ವೆಬ್ಬನ್ನು ಜಗತ್ತಿಗೆ ಬಿಟ್ಟಾಗ ಎಚ್‌ಟಿಎಂಎಲ್‌ನಲ್ಲಿ ಇದ್ದದ್ದು ಬೆರಳೆಣಿಕೆಯ ಟ್ಯಾಗ್. ಒಂದು ಬರಹಕ್ಕೆ ಈಗಲೂ ಅಷ್ಟೇ ಸಾಕು. ತಲೆಬರಹಕ್ಕೆ ಎಚ್1, ಪ್ಯಾರಾಕ್ಕೆ ಪಿ, ಲಿಂಕ್‌ಗೆ ಎ, ಫೋಟೊಗೆ ಆಮೇಲೆ ಬಂದ ಐಎಂಜಿ.

ಮೇಲ್ಭಾಗದಲ್ಲಿ ನಾಲ್ಕು ಮಾತು ತಪ್ಪದೆ ಇರಲಿ. ಚಾರ್‌ಸೆಟ್ ಯುಟಿಎಫ್-8 ಎಂದು ಹೇಳುವ ಸಾಲು. ಭಾಷೆ ಕನ್ನಡ ಎಂದು ಹೇಳುವ ಲ್ಯಾಂಗ್ ಗುರುತು, ಕನ್ನಡದ್ದು ಕೆಎನ್. ಮೊಬೈಲ್‌ನಲ್ಲಿ ಅಕ್ಷರ ಇರುವೆಯಷ್ಟು ಆಗದಿರಲು ವ್ಯೂಪೋರ್ಟ್ ಸಾಲು. ಮತ್ತೆ ಟೈಟಲ್. ಇಷ್ಟನ್ನು ಒಂದು ಖಾಲಿ ಮಾದರಿ ಫೈಲ್ ಮಾಡಿ ಇಟ್ಟುಕೊಳ್ಳಿ. ಪ್ರತಿ ಸಲ ಅದನ್ನೇ ಕಾಪಿ ಮಾಡಿ ಒಳಗೆ ಬರೆಯುತ್ತಾ ಹೋಗಿ.

ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ಕೆಳಗಿನ ಎನ್‌ಕೋಡಿಂಗ್ ಪೆಟ್ಟಿಗೆ ನೋಡಿ. ಹಳೇ ವಿಂಡೋಸ್‌ನಲ್ಲಿ ಅಲ್ಲಿ ಆನ್ಸಿ ಅಂತ ಇರುತ್ತದೆ. ಹಾಗೇ ಸೇವ್ ಮಾಡಿದರೆ ಕನ್ನಡವೆಲ್ಲಾ ಪ್ರಶ್ನೆ ಚಿಹ್ನೆ ಆಗಿ ಕೂರುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ಯುಟಿಎಫ್-8 ಮಾಡಿಕೊಳ್ಳಿ. ಸೇವ್ ಆ್ಯಸ್ ಟೈಪ್ ಅನ್ನುವಲ್ಲಿ ಆಲ್ ಫೈಲ್ಸ್ ಆರಿಸಿ, ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಹಾಕಿ, ಇಲ್ಲದಿದ್ದರೆ ಹೆಸರಿನ ಬಾಲಕ್ಕೆ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ.

ಈ ಪುಟ ಎಷ್ಟು ಹಗುರ ಅಂತ ಲೆಕ್ಕ ಹಾಕಿ ನೋಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ವಿಜಯಪುರ ಅಂತ ಬರೆದರೆ ಗುಡಿಸು, ಕೊಂಬು ಸೇರಿ 7 ಚಿಹ್ನೆ, ಅಂದರೆ 21 ಬೈಟ್. ಇದೇ ಲೆಕ್ಕದಲ್ಲಿ 600 ಪದದ ಬರಹ ಸುಮಾರು 15 ಕೆಬಿ. ಸಿಗ್ನಲ್ ಒಂದೇ ಕಡ್ಡಿ ಇರುವ ಹೊಲದಲ್ಲೂ ತೆರೆದುಕೊಳ್ಳುತ್ತದೆ. ಅದೇ ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊ 4-5 ಎಂಬಿ ಇರುತ್ತದೆ. ಅದಕ್ಕೇ ಫೋಟೊ ಹಾಕುವ ಮುಂಚೆ ಪೇಂಟ್‌ನಲ್ಲಿ ರೀಸೈಜ್ ಮಾಡಿ ಅಗಲ 1000 ಪಿಕ್ಸೆಲ್‌ಗೆ ಇಳಿಸಿ. ಒಂದು ಬರಹಕ್ಕೆ ಒಂದೋ ಎರಡೋ ಫೋಟೊ ಸಾಕು.

ಅಕ್ಷರದ ಬಗ್ಗೆ, ಡಿಟಿಪಿಯವನಾಗಿ

ಬೇರೆ ಫಾಂಟ್ ತಂದು ಹೇರಬೇಡಿ. ಆಂಡ್ರಾಯ್ಡ್ ಫೋನ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಹೆಚ್ಚಾಗಿ ಇರುತ್ತದೆ. ವಿಂಡೋಸ್‌ನಲ್ಲಿ ತುಂಗಾ, ಈಚಿನದಾದರೆ ನಿರ್ಮಲಾ ಇದೆ. ಓದುವವರ ಕಣ್ಣಿಗೆ ರೂಢಿ ಆಗಿರುವುದೂ ಅವೇ.

ಸಾಲಿನ ನಡುವಿನ ಜಾಗ ಮಾತ್ರ ಜಾಸ್ತಿ ಕೊಡಿ. ಇಂಗ್ಲಿಷ್‌ಗೆ ಅಂತ ಮಾಡಿದ ಥೀಮ್‌ಗಳಲ್ಲಿ ಸಾಲುಗಳು ಇಕ್ಕಟ್ಟಾಗಿರುತ್ತವೆ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ರಾಷ್ಟ್ರ ಅಂತ ಬರೆದು ನೋಡಿ, ಒಂದೇ ಅಕ್ಷರಕ್ಕೆ ಎರಡು ಒತ್ತು. ಅದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದರೆ ವಯಸ್ಸಾದವರಿಗೆ ಓದಲು ಆಗುವುದಿಲ್ಲ. ಲೈನ್ ಹೈಟ್ 1.7 ಇಟ್ಟರೆ ಉಸಿರಾಡುತ್ತದೆ. ಅಕ್ಷರದ ಗಾತ್ರ 18 ಪಿಕ್ಸೆಲ್‌ಗಿಂತ ಕಡಿಮೆ ಬೇಡ.

ಎರಡೂ ಕಡೆ ಸಮ ಮಾಡುವ ಜಸ್ಟಿಫೈ ಬಿಡಿ. ಪುಸ್ತಕಕ್ಕೆ ಅದು ಚೆಂದ. ಮೊಬೈಲ್‌ನ ಸಣ್ಣ ಅಗಲದಲ್ಲಿ ನಮ್ಮ ಉದ್ದುದ್ದ ಪದಗಳ ನಡುವೆ ಬಾವಿಯಷ್ಟು ಜಾಗ ಬೀಳುತ್ತದೆ. ಇಟಾಲಿಕ್ ಕೂಡ ಬೇಡ, ಕನ್ನಡದ ದುಂಡು ಅಕ್ಷರ ವಾಲಿದರೆ ಬಿದ್ದಂತೆ ಕಾಣುತ್ತದೆ. ಇದು ನನ್ನ 20 ವರ್ಷದ ಅಂಗಡಿ ಅನುಭವ.

ವಿಳಾಸ ಒಂದೇ ಸಲ

ಫೈಲಿನ ಹೆಸರನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ ಇಡಿ, ಪದಗಳ ನಡುವೆ ಅಡ್ಡಗೆರೆ ಹಾಕಿ. ಕನ್ನಡದಲ್ಲೇ ಇಡೋಣ ಅಂತ ನನಗೂ ಆಸೆ ಇತ್ತು, ಇಟ್ಟೂ ನೋಡಿದೆ. ಆದರೆ ವಾಟ್ಸಾಪ್‌ಗೆ ಹಾಕಿದಾಗ ಲಿಂಕ್ ಪರ್ಸೆಂಟ್ ಚಿಹ್ನೆಗಳ ಸಾಲಾಗಿ ಬಿಡುತ್ತಿತ್ತು. ಹಲಗಿ ಅನ್ನುವ ಪುಟ್ಟ ಪದವೇ 36 ಅಕ್ಷರ ಆಗುತ್ತದೆ. ಅದನ್ನು ನೋಡಿದವರು ಏನೋ ಮೋಸದ ಲಿಂಕ್ ಅಂತ ಒತ್ತುವುದೇ ಇಲ್ಲ.

ಒಮ್ಮೆ ಇಟ್ಟ ಹೆಸರನ್ನು ಮತ್ತೆ ಬದಲಿಸಬೇಡಿ. 2014ರ ನವೆಂಬರ್ 1ರಂದು ಸರ್ಕಾರ ನಮ್ಮ ಊರುಗಳ ಇಂಗ್ಲಿಷ್ ಹೆಸರು ತಿದ್ದಿತು. ಬೆಲ್ಗಾಮ್ ಹೋಗಿ ಬೆಳಗಾವಿ, ಬಿಜಾಪುರ ಹೋಗಿ ವಿಜಯಪುರ ಬಂದವು. ನನ್ನ ಹಳೇ ಬರಹಗಳ ವಿಳಾಸದಲ್ಲಿ ಹಳೇ ಹೆಸರೇ ಇದೆ. ತಿದ್ದೋಣ ಅಂತ ಒಮ್ಮೆ ಅನ್ನಿಸಿತು, ಬಿಟ್ಟೆ. ಬರಹದೊಳಗೆ ಹೊಸ ಹೆಸರು ಬರೆದರೆ ಸಾಕು. ವಿಳಾಸ ತಿದ್ದಿದ ಕ್ಷಣ ಯಾರ್ಯಾರದೋ ಫೋನಿನಲ್ಲಿ ಉಳಿದಿರುವ ಲಿಂಕ್ ಸತ್ತುಹೋಗುತ್ತದೆ. ಬರ್ನರ್ಸ್-ಲೀ ಕೂಡ 1998ರಲ್ಲೇ ಇದನ್ನು ಒತ್ತಿ ಹೇಳಿ ಬರೆದಿದ್ದಾರೆ.

ಎಲ್ಲಿ ಇಡುವುದು

ನಾನು ವೆಬ್ ಪುಟ ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟಿದ್ದೇನೆ. ಅದಕ್ಕೆ ದುಡ್ಡಿಲ್ಲ. ಒಂದು ಖಾತೆ ಮಾಡಿ, ನಿಮ್ಮ ಬಳಕೆದಾರ ಹೆಸರಿನ ಕೊನೆಗೆ ಡಾಟ್ ಗಿಟ್‌ಹಬ್ ಡಾಟ್ ಐಒ ಸೇರಿಸಿ ಅದೇ ಹೆಸರಿನಲ್ಲಿ ಒಂದು ರೆಪಾಸಿಟರಿ (ಫೈಲ್ ಇಡುವ ಜಾಗ) ತೆರೆಯಿರಿ. ಅದು ಪಬ್ಲಿಕ್ ಆಗಿರಲಿ. ಆ್ಯಡ್ ಫೈಲ್ ಒತ್ತಿ, ಅಪ್‌ಲೋಡ್ ಫೈಲ್ಸ್‌ನಲ್ಲಿ ನಿಮ್ಮ ಫೈಲ್‌ಗಳನ್ನು ಎಳೆದು ಹಾಕಿ. ಮೊದಲ ಪುಟದ ಹೆಸರು ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಇರಬೇಕು. ಕೆಲವು ನಿಮಿಷದಲ್ಲಿ ಪುಟ ಕಾಣಿಸುತ್ತದೆ. ಸ್ವಂತ ಡೊಮೇನ್ ಇದ್ದರೆ ಇನ್ನೂ ಒಳ್ಳೆಯದು. ನಾಳೆ ಜಾಗ ಬದಲಿಸಿದರೂ ವಿಳಾಸ ನಿಮ್ಮದೇ ಇರುತ್ತದೆ.

ಇದೆಲ್ಲಾ ತಲೆನೋವು ಅನ್ನಿಸಿದರೆ ಬ್ಲಾಗರ್‌ನಲ್ಲೇ ಇರಿ, ತಪ್ಪೇನಿಲ್ಲ. ಇರುವುದರಲ್ಲೇ ತೀರಾ ಸಾದಾ ಥೀಮ್ ಆರಿಸಿ, ಪಕ್ಕದ ಪೆಟ್ಟಿಗೆಗಳನ್ನೆಲ್ಲಾ ತೆಗೆದುಹಾಕಿ, ತಿಂಗಳಿಗೊಮ್ಮೆ ಬ್ಯಾಕಪ್ ಇಳಿಸಿಕೊಳ್ಳಿ.

ನನ್ನ ಮೊದಲ ಪುಟದಲ್ಲಿ ಇರುವುದು ಒಂದು ಪಟ್ಟಿ. ತಾರೀಖು, ತಲೆಬರಹ, ಹೊಸದು ಮೇಲೆ. ವಿಭಾಗ ಇಲ್ಲ, ಹುಡುಕುವ ಪೆಟ್ಟಿಗೆ ಇಲ್ಲ. ಇಷ್ಟು ಬರಹದಲ್ಲಿ ಬೇಕಾದ್ದು ಕಣ್ಣಾಡಿಸಿದರೆ ಸಿಗುತ್ತದೆ.

ಓದುವವರಿಗೆ ಗೊತ್ತಾಗುವುದು ಹೇಗೆ? ಆರ್‌ಎಸ್‌ಎಸ್ ಫೀಡ್ ಅಂತ ಒಂದಿದೆ, ಹೊಸ ಬರಹ ಬಂದದ್ದನ್ನು ಓದುಗರ ಆ್ಯಪ್‌ಗೆ ತಿಳಿಸುವ ಫೈಲ್, 1999ರಿಂದ ಇರುವಂಥದ್ದು. ಫೀಡ್ ಓದಲು ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿದಾಗ ಫೀಡ್ ಕಾಲ ಮುಗೀತು ಅಂದುಕೊಂಡವರು ಬಹಳ. ಇಲ್ಲ, ಈಗಲೂ ಫೀಡ್ ಓದುವ ಆ್ಯಪ್‌ಗಳು ಬೇಕಾದಷ್ಟಿವೆ. ನಾನು ಫೀಡ್ ಫೈಲನ್ನೂ ಕೈಯಲ್ಲೇ ಬರೆಯುತ್ತೇನೆ. ಹಿಂದಿನ ಬರಹದ ತುಂಡನ್ನು ಕಾಪಿ ಮಾಡಿ ತಲೆಬರಹ, ಲಿಂಕ್, ತಾರೀಖು ಬದಲಿಸುವುದು. ಎರಡು ನಿಮಿಷದ ಕೆಲಸ. ನಮ್ಮ ಓಣಿಯ ಹಿರಿಯರಿಗೆ ಮಾತ್ರ ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟೇ ಸರಿ. ಒಂದು ಲಿಸ್ಟಿಗೆ 256 ಜನ. ಅವರ ಫೋನ್‌ನಲ್ಲಿ ನಿಮ್ಮ ನಂಬರ್ ಸೇವ್ ಆಗಿದ್ದರೆ ಮಾತ್ರ ಹೋಗುತ್ತದೆ, ಅದನ್ನು ಮೊದಲೇ ಹೇಳಿಡಿ.

ಎಣಿಸುವುದನ್ನು ಬಿಟ್ಟ ಮೇಲೆ

ಓದುಗರ ಲೆಕ್ಕದ ಮೀಟರ್ ತೆಗೆದದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಯಿತು. ಮೀಟರ್ ಇದ್ದಾಗ ತಲೆಬರಹಗಳೇ ಬದಲಾಗಿದ್ದವು. "ಬಾಗಲಕೋಟೆ ಹೋಳಿ: ನೀವು ತಿಳಿಯಲೇಬೇಕಾದ 10 ಸಂಗತಿಗಳು" ಅಂತ ಬರೆದಿದ್ದೆ. ಅದರಲ್ಲಿ ನಾನು ಕಂಡದ್ದು ಒಂದೂ ಇರಲಿಲ್ಲ, ಯಾರು ಬೇಕಾದರೂ ಬರೆಯಬಹುದಿತ್ತು. ಈಚೆಗೆ ಅದನ್ನು ಅಳಿಸಿ "ಕಿಲ್ಲಾದಲ್ಲಿ ಹಲಗಿ ಕಾಸುತ್ತಿದ್ದ ಹೊತ್ತು" ಅಂತ ಹೊಸದಾಗಿ ಬರೆದೆ. ಹಲಗಿಯ ಚರ್ಮ ತಂಪಿಗೆ ಸಡಿಲಾಗಿ ಸದ್ದು ಮಂಕಾಗುತ್ತದೆ. ಹುಡುಗರು ಹುಲ್ಲಿನ ಬೆಂಕಿ ಮಾಡಿ ಹಲಗಿಯನ್ನು ಅದರ ಮೇಲೆ ಆಡಿಸುತ್ತಾ, ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಠಣ್ ಅಂದ ಮೇಲೆಯೇ ಮೆರವಣಿಗೆಗೆ ಇಳಿಯುತ್ತಿದ್ದರು. ಬರಹದಲ್ಲಿ ಇರುವುದು ಇಷ್ಟೇ. 300 ಪದ.

ಒಂದು ಸಲಕ್ಕೆ ಒಂದೇ ಸಂಗತಿ ಬರೆಯಿರಿ. ಮೇಲೆ ತಾರೀಖು ಹಾಕಿ. ಬಾಯಲ್ಲಿ ಹೇಳಿದರೆ ಯಾವ ಪದ ಬರುತ್ತದೋ ಅದೇ ಪದ ಬರಲಿ. ನಾನು ಹಾಳಿ, ಕಟ್ಟಿ, ಪಡಸಾಲಿ ಅಂತಲೇ ಬರೆಯುತ್ತೇನೆ. ವಾರಕ್ಕೊಂದು, ತಿಂಗಳಿಗೊಂದು ಅಂತ ಹಟ ಹಾಕಿಕೊಂಡಿಲ್ಲ. ರಾತ್ರಿ ಎಂಟಾದ ಮೇಲೆ ಗಿರಾಕಿ ಇಲ್ಲದಾಗ ಫೈಲ್ ತೆರೆಯುತ್ತೇನೆ, ಹೇಳಲು ಏನಾದರೂ ಇದ್ದರೆ ಬರೆಯುತ್ತೇನೆ. ಕಳೆದ ವರ್ಷ 31 ಆದವು.

ಕಮೆಂಟ್ ಪೆಟ್ಟಿಗೆಯೂ ಇಲ್ಲ. ಪ್ರತಿ ಬರಹದ ಕೆಳಗೆ ಇಮೇಲ್ ವಿಳಾಸ ಇದೆ. "ಇದರಲ್ಲಿ ತಪ್ಪಿದ್ದರೆ ತಿಳಿಸಿ" ಅಂತ ಒಂದು ಸಾಲು ಇದೆ. ಬರುವುದು ಕಡಿಮೆ. ಆದರೆ ಬಂದದ್ದು ಕಾಗದದಂತಿರುತ್ತದೆ, ಹೆಸರು, ಓಣಿ, ನೆನಪು ಎಲ್ಲಾ ಇರುತ್ತದೆ. ತಪ್ಪು ತಿದ್ದಿದರೆ ಕೆಳಗೆ ತಿದ್ದಿದ ತಾರೀಖು, ತಿಳಿಸಿದವರು ಒಪ್ಪಿದರೆ ಯಾವ ಓಣಿಯವರು ಅಂತಲೂ ಬರೆಯಿರಿ.

ಹೊಸ ಪುಟಗಳು ಸಿದ್ಧವಾದ ದಿನ ಮೊದಲು ಬಾವಿಯ ಬರಹವನ್ನೇ ಕಾಕುಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಹಿಂದೆ ಮೊಮ್ಮಗಳು ಜೋರಾಗಿ ಓದುವುದು ಕೇಳುತ್ತಿತ್ತು.

"ತಗದ ಕೂಡ್ಲೇ ಬಂತೋ ತಮ್ಮಾ. ಆದ್ರ ಬಾವಿ ಮೆಟ್ಲ ಏಳಲ್ಲ, ಒಂಬತ್ತ. ಕೆಳಗಿನ ಎರಡು ಯಾವಾಗ್ಲೂ ನೀರಾಗ ಇರ್ತಿದ್ವು, ನೀ ನೋಡಿಲ್ಲ."

ಫೋನ್ ಹೆಗಲಿಗೆ ಆನಿಸಿಕೊಂಡೇ ಫೈಲ್ ತೆರೆದೆ. ಏಳು ಅಳಿಸಿ ಒಂಬತ್ತು ಮಾಡಿದೆ, ನೀರಿನೊಳಗಿನ ಎರಡು ಮೆಟ್ಟಿಲಿನ ಮಾತು ಸೇರಿಸಿದೆ, ಸೇವ್ ಮಾಡಿ ಅಪ್‌ಲೋಡ್ ಒತ್ತಿದೆ. "ಕಾಕು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ತೆಗೀರಿ" ಅಂದೆ.